ಬ್ಯಾಟು ಬಿಟ್ಟು ಓಡು

ಭೋಸರಿಯ ಮಹಾಪಾಲಿಕೆ ಶಾಲೆಯ ಹಿಂದೆ
ರವಿವಾರ, ಬೆಳಿಗ್ಗೆ ಆರೂಮುಕ್ಕಾಲು.
ರಾತ್ರಿಪಾಳಿ ಮುಗಿಸಿದವರು ಖಾಲಿ ಡಬ್ಬಿ ಅಲ್ಲಾಡಿಸುತ್ತ ಹೋಗುತ್ತಾರೆ.
ಒಬ್ಬ ಗೋಡೆಗೆ ಮೊಳಕೈ ಊರಿ ಕೇಳುತ್ತಾನೆ:
ಇದೇನು ಬಾಯಿ, ಸ್ಟಂಪೇ ಇಲ್ಲ?

ನನ್ನ ಹತ್ತಿರ ಇರುವುದು ಆರು ಗ್ಲೌಸು,
ಅದರಲ್ಲೊಂದು ಎಡಚರದು; ನಮ್ಮಲ್ಲಿ ಎಡಚರಿಲ್ಲ.
ಚೆಂಡು ಕೂರಿಸುವ ಕಂಬ ಟೆಂಪೋದ ರೇಡಿಯೇಟರ್ ಪೈಪು,
ಗುಜರಿಯಲ್ಲಿ ನಲವತ್ತು ರೂಪಾಯಿ,
ಬಕೆಟ್ಟಿನ ಸಿಮೆಂಟಿನಲ್ಲಿ ನೆಟ್ಟು ನಿಲ್ಲಿಸಿದ್ದು.
ಕಳಶದ ಕಾಯಿಯ ಹಾಗೆ ಚೆಂಡು ಮೇಲೆ ಕೂತಿರುತ್ತದೆ.
ಹೊಡಿ ಅಂದರೆ
ಪೈಪಿಗೇ ಹೊಡೆಯುತ್ತಾರೆ.

ಮೊದಲು ಮೈಯೊಳಗಿನ ಕ್ರಿಕೆಟ್ಟು ಬಿಡಿಸಬೇಕು.
ಎಲ್ಲರೂ ಬ್ಯಾಟಿನ ತುದಿ ನೆಲಕ್ಕೆ ಊರಿ
ಟಕ್ ಟಕ್ ಬಡಿಯುತ್ತ ನಿಲ್ಲುತ್ತಾರೆ,
ಬಾಗಿಲು ತೆಗಿ ಅಂತ ಭೂಮಿಗೆ ಹೇಳುವಂತೆ.
ಮೇಲೆತ್ತು ಸಾರ್ಥಕ್, ಭುಜದ ಹಿಂದೆ.
ಹಾಗೆ ಹಿಂಡಬೇಡ, ಅದು ಒದ್ದೆ ಬಟ್ಟೆಯಲ್ಲ.
ತೋಳಿಂದಲ್ಲ ಮುಜಮ್ಮಿಲ್, ಸೊಂಟದಿಂದ.
ಸೊಂಟ ಅಂದರೆ ನಗು.
ಹನ್ನೊಂದು ವರ್ಷಕ್ಕೆ ಸೊಂಟವೆಂದರೆ ನಗುವೇ.
ಬೀಸುಕಲ್ಲು ತಿರುಗಿದ ಹಾಗೆ ಅಂದೆ. ಯಾರೂ ಕಂಡಿಲ್ಲ.
ಆಮೇಲೆ ಹೊಳೆಯಿತು: ಟ್ಯಾಂಕರ್ ಬಂದಾಗ
ಮುಂದಿನವರಿಂದ ತುಂಬಿದ ಕೊಡ ಇಸಕೊಂಡು
ಹಿಂದಿನವರ ಕೈಗೆ ದಾಟಿಸುತ್ತೀರಲ್ಲ, ಹಾಗೆ.
ಹದಿನಾಲ್ಕು ಸೊಂಟ ಒಮ್ಮೆಗೇ ತಿರುಗಿದವು.

ವಾರವೆಲ್ಲ ನಾನು ಕಂಪನಿಯಲ್ಲಿ ಬೇರಿಂಗ್ ಅಳೆಯುವವಳು.
ಕೂದಲೆಳೆಯ ಐದನೇ ಒಂದು ಪಾಲು ಹೆಚ್ಚಾದರೂ
ಕೆಂಪು ಡಬ್ಬಿಗೆ ಎಸೆಯುವವಳು.
ಇಲ್ಲಿ ಹತ್ತಕ್ಕೆ ಏಳು ತಪ್ಪಿದವನ ಬೆನ್ನು ತಟ್ಟಿ
ಶಾಭಾಸ್ ಅನ್ನುತ್ತೇನೆ.
ಸೋಮವಾರ ಕೈಗೆ ಸ್ವಲ್ಪ ಗೊಂದಲ.

ಸಾಬಮ್ಮ ಯಾದಗಿರಿ ಕಡೆಯವಳು.
ಮೋಶಿಯಲ್ಲಿ ಏಳುತ್ತಿರುವ ಕಟ್ಟಡದ ಬುಡಕ್ಕೆ ತಗಡಿನ ಶೆಡ್ಡು.
ತಮ್ಮನನ್ನು ಕಂಕುಳಲ್ಲಿ ಹೊತ್ತು ಬರುತ್ತಾಳೆ,
ಗೋಡೆಯ ನೆರಳಿಗೆ ಕೂರಿಸಿ
ಆ ಎಡಚರ ಗ್ಲೌಸು ಅವನ ಮಡಿಲಿಗಿಡುತ್ತಾಳೆ.
ಮೂರು ರವಿವಾರ, ಒಂದೂ ತಾಗಿಲ್ಲ.
ಬಾಲ್ ಬಘ್, ಬಾಲ್ ಬಘ್ ಎಂದು ಒದರಿದೆ.
ಅವಳು ಅರ್ಥಕ್ಕಾಗಿ ನನ್ನ ತುಟಿ ನೋಡುತ್ತಿದ್ದಳು,
ಚೆಂಡು ದಾಟಿ ಹೋಗುತ್ತಿತ್ತು.

ಇವತ್ತು ಬಾಯಿ ಜಾರಿ
ನನ್ನವ್ವನ ಸೊಲ್ಲಾಪುರದ ಮಾತು ಹೊರಬಿತ್ತು:
ನನ್ನ ಕಡಿ ನೋಡಬ್ಯಾಡವ್ವ, ಅದರ ಕಡಿ ನೋಡು.
ಬರ್ಲಿ. ಬರ್ಲಿ ತಡಿ.
ಈಗ!

ಬ್ಯಾಟಿನ ನಡುಮಧ್ಯೆ ತಾಗಿದಾಗ
ಕೈಗೆ ಏನೂ ಗೊತ್ತಾಗುವುದಿಲ್ಲ,
ಕಿವಿಗೆ ಮಾತ್ರ.
ಎಲ್ಲರ ತಲೆ ಮೇಲೆ, ಗೋಡೆ ಮೇಲೆ,
ರಾತ್ರಿಪಾಳಿಯವನ ಟೋಪಿ ಮೇಲೆ.
ಫೋರೋ, ಸಿಕ್ಸೋ? ಅವನು ಕೇಳುತ್ತಿದ್ದ.
ನನಗೆ ಹೇಳಲು ಪುರುಸೊತ್ತಿಲ್ಲ.
ಸಾಬಮ್ಮ ಓಡಿದ್ದಳು, ಬ್ಯಾಟು ಹಿಡಿದೇ ಓಡಿದ್ದಳು.
ಟಾಕ್ ಬ್ಯಾಟ್, ಟಾಕ್! ಎಂದು ಹದಿಮೂರು ಗಂಟಲು.
ಬಿಡs ಅದನ್ನ! ಎಂದು ನಾನು.
ಮೊದಲ ಇಟ್ಟಿಗೆ, ಎರಡನೆಯದು, ಮೂರು,
ಎದೆಗೆ ಅವಚಿಕೊಂಡು ಓಡಿದಳು.
ಕೆಳಗಿಟ್ಟದ್ದು ತಿರುಗಿ ಬಂದಾಗಲೂ ಅಲ್ಲೇ ಇರುತ್ತದೆಂದು
ಅವಳಿಗೆ ಯಾರು ಹೇಳಿದ್ದಾರೆ?

ಕನ್ವೇಯರ್ ಬೆಲ್ಟಿನ ತುಂಡು ನಮ್ಮ ಹೋಮ್.
ಅದನ್ನು ತುಳಿದು, ಏದುಸಿರಲ್ಲೇ
ಲಂಗದಿಂದ ಬ್ಯಾಟಿನ ಮಣ್ಣು ಒರೆಸಿ
ತಮ್ಮನ ಪಕ್ಕ ಮಲಗಿಸಿದಳು.
ತಪ್ಪಾತೇನ್ರಿ?

ತಪ್ಪೇನಿಲ್ಲ.
ಬಿಡೂದು ಮುಂದಿನ ರವಿವಾರ ಕಲಿಸ್ತೀನಿ.

ಚೆಂಡು ಇನ್ನೂ ಸಿಕ್ಕಿಲ್ಲ.
ಹುಡುಗರು ಗ್ಯಾರೇಜಿನ ತಗಡು ಹತ್ತಿದ್ದಾರೆ.
ತಮ್ಮ ಗ್ಲೌಸಿನ ಹೆಬ್ಬೆರಳು ಚೀಪುತ್ತಿದ್ದಾನೆ.