ಖಾಲಿ

ದಾವಣಗೆರೆ ಮಂಡಿಪೇಟೆಯ ಮಳಿಗೆ ಮಾರಿದ ದುಡ್ಡು
ಬ್ಯಾಂಕಿನಲ್ಲಿ ಮಗ್ಗುಲು ಬದಲಿಸುತ್ತಿದೆ.

‘ರೀಟ್ ತಗೋ ದೊಡ್ಡಮ್ಮ’ ಅಂತಾಳೆ ಸ್ಫೂರ್ತಿ,
ಬೆಣ್ಣೆ ಮೆತ್ತಿದ ಬೆರಳಲ್ಲೇ ಫೋನು ತಿರುಗಿಸಿ.
‘ಹೈದರಾಬಾದಿನ ಗಾಜಿನ ಕಟ್ಟಡದಲ್ಲಿ ನಿನಗೂ ಒಂದು ಚೂರು;
ಬಾಡಿಗೆ ತಾನಾಗೇ ಬಂದು ಬೀಳುತ್ತೆ.’

ಚೂರು ಅಂದರೆ?
ಮೆಟ್ಟಿಲ ಅಂಚೋ, ಲಿಫ್ಟಿನ ಗುಂಡಿಯೋ?

ಟೈಲರ್ ಖಾಜಾಸಾಬ್ ಐದಕ್ಕೆ ಅಂದು ಹನ್ನೊಂದಕ್ಕೆ ಬರುತ್ತಿದ್ದ,
ನೋಟಿನ ಮಡಿಕೆಯಲ್ಲೊಂದು ದಾರದ ಎಳೆ,
ಬಾಯಲ್ಲೊಂದು ನೆವ.
ಮಾಡು ಸೋರಿದರೆ ನನ್ನ ಬಾಗಿಲಿಗೇ ಬಂದು ಕೂಗುತ್ತಿದ್ದ.

ಗಾಜು ಸೋರಿದರೆ ಯಾರು ಕೂಗುತ್ತಾರೆ ನನ್ನ?
‘ಯಾರೂ ಇಲ್ಲ’ ಅಂದಳು, ಅದೇ ಲಾಭವೆಂಬಂತೆ.

ಕಟ್ಟಡ ಖಾಲಿ ಬಿದ್ದರೆ?
ಅವಳು ಚಟ್ನಿಯ ಕಡೆ ನೋಡಿದಳು.

ಒಂದು ಲಕ್ಷಕ್ಕೆ ಹೂಂ ಅಂದೆ.
ಉಳಿದದ್ದು?
ಮೊದಲು ಇನ್ನೊಂದು ಖಾಲಿ ದೋಸೆ ಹೇಳು.