ಶಿಡ್ಲಘಟ್ಟ, ನಲವತ್ತು ಮೀಟರ್

ರಾತ್ರಿ ಒಂದೂವರೆ. ಮೇನ್ ಸ್ವಿಚ್ ಇಳಿಸಿ
ಸ್ಕೂಟರ್ ಬ್ಯಾಟರಿಗೆ ರೇಡಿಯೋ ಕಟ್ಟಿದೆ.
ಇಲ್ಲ, ನಮ್ಮನೆಯದಲ್ಲ ಈ ಗೊರಗೊರ.

ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಓಣಿಗಿಳಿದೆ.
ರೀಲಿಂಗ್ ಶೆಡ್ಡು ತಣ್ಣಗಿತ್ತು,
ಟ್ರಾನ್ಸ್‌ಫಾರ್ಮರಿನಡಿ ಬರೀ ಗೊಣಗು,
ನಸೀಮಾಬಿಯ ಗೋಡೆ ಹಾಯುವಾಗ
ಕಾದೆಣ್ಣೆಗೆ ಸಾಸಿವೆ ಬಿತ್ತು.

"ಮೆಷಿನ್ನಿಗೆ ಹೊಸ ಮೋಟಾರು ಮೇಷ್ಟ್ರೆ,
ರಾತ್ರಿಯೇ ಹೊಲಿಯೋದು," ಅಂದಳು ಬೆಳಿಗ್ಗೆ.
ನಾನು ತಂದ ಫೆರೈಟ್ ಉಂಗುರಕ್ಕೆ
ವೈರು ಅವಳೇ ಸುತ್ತಿದಳು,
ಹದಿನಾರು ವರ್ಷ ರಾಟೆ ತಿರುಗಿಸಿದ ಕೈ:
ಒಂಬತ್ತು ಸುತ್ತು, ಒಂದನ್ನೊಂದು ಏರದೆ.

ಈಗ ಮೀಟರಿನ ಮುಳ್ಳು ಮೂರರಲ್ಲಿ ಮಲಗಿದೆ.
ಬೆಂದ ಗೂಡಿಂದ ಎಳೆ ಬಿಟ್ಟ ಹಾಗೆ
ತಳದಿಂದ ಯಾರೋ, ತೀರಾ ತೆಳ್ಳಗೆ:
ಡಾ ಡಿ ಡಾ ಡಿ, ಡಾ ಡಾ ಡಿ ಡಾ.

ಅವಳು ಎಚ್ಚರವೋ ಏನೋ,
ರೇಡಿಯೋ ಇನ್ನು ಹೇಳುವುದಿಲ್ಲ.
ಕೀ ಮುಟ್ಟುವ ಮೊದಲು ಎದ್ದು
ಕಿಟಕಿಯಾಚೆ ನೋಡಿದೆ.