ಹಳೆಬಟ್ಟೆ

ದಕ್ಕೆಯ ಮೆಟ್ಟಿಲಲ್ಲಿ ಬಂಗುಡೆ ನೀರಿಗೆ ಜಾರಿ
ಕಾಲುಮೂಳೆ ಮುರಿದುಕೊಂಡ ನಾನು
ಇಪ್ಪತ್ತೆಂಟು ವರ್ಷ ಸಂಡೇಸ್ಕೂಲಿನಲ್ಲಿ
ಯೆರೆಮೀಯನನ್ನು ಬಾವಿಗಿಳಿಸಿ, ಮೇಲೆತ್ತಿದವನು.
ಕೆಸರೆಷ್ಟಿತ್ತು, ಜೊತೆಗೆ ಹೋದವರೆಷ್ಟು ಮಂದಿ,
ಅರಸನ ಹೆಸರೇನು,
ಕೇಳಿ, ಈಗಲೂ ಹೇಳುತ್ತೇನೆ.

ಹನ್ನೊಂದನೇ ದಿನ ಊರುಗೋಲು ಬಂತು.
ನಾಲ್ಕು ಹೆಜ್ಜೆಗೆ ಕಂಕುಳು ಸುಲಿದು
ಬನಿಯನ್ನಿಗೆ ರಕ್ತ.
ಡಾಕ್ಟರು ಎಕ್ಸ್‌ರೇ ನೋಡಿ ಒಳ್ಳೆಯದೆಂದರು.
ಬಲ್ಮಠದಿಂದ ಬಂದ ಪಾದ್ರಿಗಳು ಪ್ರಾರ್ಥಿಸಿದರು,
ಅದೂ ಕಾಲಿಗಾಗಿಯೇ.

ರಾತ್ರಿ ಪಾಳಿಯ ಆಯಾ, ರೆಮೆದಿ ಬಾಯಿ,
ಏನೂ ಕೇಳದೆ
ಕೋಲೆರಡನ್ನೂ ಎತ್ತಿಕೊಂಡು ಹೋದವಳು
ಬೆಳಗಿನ ಜಾವ ತಂದಿಟ್ಟಳು:
ಕೋಲಿನ ತಲೆಗೆ ಸೀರೆಯ ಚೂರು,
ದುಪ್ಪಟಿಯ ಅಂಚು, ಒರಟು ಹೊಲಿಗೆ.
"ಹೊಸತು ಆಗುವುದಿಲ್ಲ ಮಾಸ್ಟ್ರೇ, ಚುಚ್ಚುತ್ತದೆ.
ಒಗೆದು ಒಗೆದು ಸತ್ತ ಬಟ್ಟೆಯೇ ಆಗಬೇಕು."

ಎಬೆದ್ಮೆಲೆಕ.
ಅರಮನೆಯ ಆಳು, ಕೂಷ್ ದೇಶದವನು.
ಅರಸನ ಅಪ್ಪಣೆ ಸಿಕ್ಕಿದ ಮೇಲೂ
ನೆಟ್ಟಗೆ ಬಾವಿಗೆ ಓಡಲಿಲ್ಲ;
ಉಗ್ರಾಣದ ಮೂಲೆಯಲ್ಲಿ ನಿಂತು ಚಿಂದಿ ಹುಡುಕಿದ.
ಮೊದಲು ಕಂಕುಳಿಗೆ ಇದು,
ಆಮೇಲೆ ಹಗ್ಗ.

ಆ ವಾಕ್ಯ ಪ್ರತಿವರ್ಷ ಓದಿದ್ದೇನೆ,
ಮುಂದಿನ ವಾಕ್ಯದ ಅವಸರದಲ್ಲಿ.

ಬಾಯಿಗೆ ಕಥೆ ಹೇಳಿದೆ.
ಬೆಡ್‌ಪ್ಯಾನ್ ಎತ್ತುತ್ತ ಕೇಳಿದಳು:
"ಮತ್ತೆ ಆ ಬಟ್ಟೆಯನ್ನು ಒಗೆದದ್ದು ಯಾರು?"

ಇಪ್ಪತ್ತೆಂಟು ವರ್ಷದಲ್ಲಿ
ಒಂದು ಮಗುವೂ ಕೇಳದ ಪ್ರಶ್ನೆ.
ಗೊತ್ತಿಲ್ಲ, ಎಂದೆ.

"ಇರಲಿ. ನಿಮ್ಮ ಬನಿಯನ್ ಕೊಡಿ,
ರಕ್ತ ಒಣಗಿದರೆ ಹೋಗುವುದಿಲ್ಲ."